ಗುಬ್ಬಿಗೆ ಕಳಿಸಿದ ಮೊದಲ ನಗು

ನನ್ನ ಇಮೇಲು ಓದಿದರೆ ಪೊಲೀಸ್ ಸ್ಟೇಷನ್ನಿನಿಂದ ನೋಟಿಸು ಬಂದ ಹಾಗಿರುತ್ತದೆ ಎಂದು ನಮ್ಮ ಮ್ಯಾನೇಜರು ಎಲ್ಲರ ಮುಂದೆ ಹೇಳಿದ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲೂ ಮನಸ್ಸಾಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ಹಿರೇಹಳ್ಳಿಯ ಅದೇ ಕಾರ್ಖಾನೆಯಲ್ಲಿ ಕಾಗದಪತ್ರ ನೋಡಿಕೊಂಡು ಬಂದವಳು ನಾನು. ನೀರೆತ್ತುವ ಪಂಪಿನ ಬಿಡಿಭಾಗಗಳು ನಮ್ಮಲ್ಲಿ ತಯಾರಾಗುತ್ತವೆ. ನಮ್ಮಲ್ಲಿ ಮಾಡಲಾಗದ ಸಣ್ಣಪುಟ್ಟ ಕೆಲಸಗಳನ್ನು ಲೋಹ ಕಡೆದುಕೊಡುವ ಹೊರಗಿನ ಲೇತ್ ಅಂಗಡಿಗಳಿಗೆ ಕೊಡುತ್ತೇವೆ. ಯಾರಿಗೆ ಯಾವ ಕೆಲಸ, ಯಾವ ಡ್ರಾಯಿಂಗ್, ಎಂದಿಗೆ ಬೇಕು ಎಂದು ಬರೆದು ತಿಳಿಸುವುದು ನನ್ನ ಪಾಲಿನ ಕೆಲಸ. ಬೇಕಾದ್ದನ್ನು ಬರೆಯುತ್ತೇನೆ, ಬೇಡದ್ದನ್ನು ಬರೆಯುವುದಿಲ್ಲ. 'ಶುಕ್ರವಾರದೊಳಗೆ ಕಳಿಸಿ. ತಡವಾದರೆ ತೆಗೆದುಕೊಳ್ಳುವುದಿಲ್ಲ.' ಇದರಲ್ಲಿ ಪೊಲೀಸಿನವರು ಎಲ್ಲಿಂದ ಬಂದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮ್ಯಾನೇಜರು ನನಗಿಂತ ಹದಿನೈದು ವರ್ಷ ಚಿಕ್ಕವರು. ಕೆಟ್ಟವರೇನಲ್ಲ. ಆದರೆ ಎಲ್ಲಿಯೋ ಎರಡು ದಿನ ಟ್ರೇನಿಂಗಿಗೆ ಹೋಗಿ ಬಂದಿದ್ದರು, ಆ ಹುರುಪು ಇನ್ನೂ ಇಳಿದಿರಲಿಲ್ಲ. ಮಾತಾಡುವಾಗ ಮುಖ ಕಾಣುತ್ತದೆ, ಇಮೇಲಿನಲ್ಲಿ ಕಾಣುವುದಿಲ್ಲ, ಅದಕ್ಕೇ ವಾಕ್ಯದ ಕೊನೆಗೊಂದು ನಗುಮುಖ ಇಟ್ಟರೆ ಓದುವವರಿಗೆ ಹಿತವಾಗಿರುತ್ತದೆ ಎಂದು ವಿವರಿಸಿದರು. ಎರಡು ಚುಕ್ಕೆ, ಒಂದು ಬ್ರಾಕೆಟ್ಟು ಒತ್ತಿದರೆ ಕಂಪ್ಯೂಟರೇ ಅದನ್ನು ದುಂಡು ಮುಖವಾಗಿ ಮಾಡಿಕೊಡುತ್ತದೆ ಎಂದು ನನ್ನ ಕುರ್ಚಿಯ ಹಿಂದೆ ನಿಂತು ತೋರಿಸಿಕೊಟ್ಟರು. "ಒಂದು ಸ್ಮೈಲಿ ಹಾಕಿದ್ರೆ ನಿಮ್ಮ ಗಂಟೇನು ಹೋಗುತ್ತೆ ಮೇಡಂ?" ಎಂದರು.

ಹೋಗಿದ್ದು ನನ್ನ ಗಂಟಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಹೇಳಿಸಿಕೊಂಡ ಮೇಲೆ ಮಾಡಬೇಕಲ್ಲ, ಮಾಡತೊಡಗಿದೆ. ಶಿರಾ ಗೇಟಿನ ಹತ್ತಿರದ ಬಣ್ಣದ ಅಂಗಡಿಯವರಿಗೆ 'ಗುರುವಾರ ಬರಲೇಬೇಕು' ಎಂದು ಬರೆದು ನಗು ಇಟ್ಟೆ. ಬಣ್ಣ ಬಂದದ್ದು ಸೋಮವಾರ. ಕೇಳಿದರೆ, ನೀವು ನಗ್ತಾ ಬರೆದಿದ್ರಿ, ಅಂಥಾ ಅರ್ಜೆಂಟ್ ಏನಿಲ್ಲ ಅನ್ಕೊಂಡ್ವಿ ಎಂದು ಅವರೂ ನಕ್ಕರು. ನನ್ನ ಮನೆಯಿರುವುದು ಅದೇ ಶಿರಾ ಗೇಟಿನಲ್ಲಿ, ಆ ಅಂಗಡಿಯ ಮುಂದೆಯೇ ದಿನವೂ ಓಡಾಡುವವಳು. ಎದುರಿಗೆ ನಿಂತು ಎರಡು ಮಾತು ಅಂದಿದ್ದರೆ ಆ ಬಣ್ಣ ಬುಧವಾರವೇ ಬಂದಿರುತ್ತಿತ್ತು. ಬೈಯಬೇಕಾದ ಕಡೆ ನಗುವುದು, ನಕ್ಕು ಬೈಸಿಕೊಳ್ಳುವುದು, ಈ ಹಣೆಬರಹ ನನಗೆ ಯಾಕೆ ಬೇಕಿತ್ತೋ. ಮ್ಯಾನೇಜರ ಹತ್ತಿರ ಹೋಗಿ ಹೇಳಿದರೆ, ನಿಮಗೆ ಇನ್ನೂ ಅಭ್ಯಾಸ ಆಗಿಲ್ಲ ಎಂದರು.

ಗುಬ್ಬಿಯವರ ವಿಷಯಕ್ಕೆ ಬರುತ್ತೇನೆ. ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದೊಂದು ಲೇತ್ ಅಂಗಡಿ. ಶೀಟಿನ ಮಾಡು, ಎರಡೇ ಲೇತು, ಒಬ್ಬರೇ ಮನುಷ್ಯ. ವಯಸ್ಸು ಅರವತ್ತು ದಾಟಿತ್ತು. ನಮ್ಮ ಪಂಪಿಗೆ ಬೇಕಾಗುವ ಗನ್‌ಮೆಟಲ್ ಬುಷ್, ಅಂದರೆ ನಡುವೆ ತೂತಿರುವ ಬೆರಳುದ್ದದ ಲೋಹದ ಕೊಳವೆ, ಹದಿನಾಲ್ಕು ವರ್ಷದಿಂದ ಅವರೇ ಮಾಡಿಕೊಡುತ್ತಿದ್ದರು. ಒಂದು ಸಲವೂ ಒಂದು ಬುಷ್ಷೂ ವಾಪಸ್ ಹೋದದ್ದಿಲ್ಲ. ನಮ್ಮ ತಪಾಸಣೆಯವರು ಎಲ್ಲರ ಮಾಲನ್ನೂ ಅಳೆದು ನೋಡುವವರು, ಗುಬ್ಬಿಯ ಡಬ್ಬ ಬಂದರೆ ಶಾಸ್ತ್ರಕ್ಕೆ ನಾಲ್ಕು ನೋಡಿ ಒಳಗೆ ಬಿಡುತ್ತಿದ್ದರು.

ಮೊದಲೆಲ್ಲ ಅವರಿಗೆ ಫೋನಿನಲ್ಲೇ ಹೇಳುತ್ತಿದ್ದೆ. ಹೊಸ ಮ್ಯಾನೇಜರು ಬಂದ ಮೇಲೆ ಅದು ನಿಂತಿತು. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ, ಏನಿದ್ದರೂ ಮೇಲಿನಲ್ಲೇ ಆಗಬೇಕು ಎಂದರು. ಗುಬ್ಬಿಯವರಿಗೆ ನಾನು ಕನ್ನಡದಲ್ಲೇ ಬರೆಯುತ್ತಿದ್ದೆ. ಅವರು ಅದನ್ನು ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಲೇತಿನ ಹಿಂದಿನ ಗೋಡೆಯಲ್ಲಿ ಒಂದು ಉದ್ದನೆ ಮೊಳೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಫೋನಲ್ಲಿ ಓದಿದ್ದು ಕೈಗೆ ಸಿಗಲ್ಲ ಎಂದು ಒಂದು ಸಲ ಹೇಳಿದ್ದರು.

ಡ್ರಾಯಿಂಗ್ ವಿಷಯವನ್ನು ಇಲ್ಲಿ ಸ್ವಲ್ಪ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಒಂದು ಬಿಡಿಭಾಗದ ಡ್ರಾಯಿಂಗಿನಲ್ಲಿ ಏನಾದರೂ ಬದಲಾದರೆ ಅದಕ್ಕೆ ಮುಂದಿನ ಇಂಗ್ಲಿಷ್ ಅಕ್ಷರ ಕೊಡುತ್ತಾರೆ. ಮೊದಲು ಎ, ಆಮೇಲೆ ಬಿ, ಹೀಗೆ. ಎಚ್ ಆದ ಮೇಲೆ ಐ ಬರುವುದಿಲ್ಲ. ಅದು ಒಂದು ಎಂಬ ಅಂಕಿಯ ಹಾಗೆ ಕಾಣುತ್ತದೆಂದು ಬಿಟ್ಟುಬಿಡುತ್ತಾರೆ, ನೇರ ಜೆಗೆ ಹೋಗುತ್ತಾರೆ. ಲೇತ್ ಮುಂದೆ ನಿಂತವರಿಗೆಲ್ಲ ಇದು ಗೊತ್ತು. ನಮ್ಮ ಬುಷ್ಷಿನ ಡ್ರಾಯಿಂಗ್ ಎಚ್. ಈ ಗಲಾಟೆಗೂ ಆರು ತಿಂಗಳ ಮೊದಲು ಪಂಪು ಕೊಳ್ಳುವ ಕಂಪನಿಯವರು ಬುಷ್ಷಿನ ತೂತನ್ನು ಅರ್ಧ ಮಿಲಿಮೀಟರು ದೊಡ್ಡದು ಮಾಡೋಣ ಎಂದಿದ್ದರು. ಜೆ ಎಂಬ ಹೊಸ ಡ್ರಾಯಿಂಗ್ ಬಂತು, ಗುಬ್ಬಿಗೂ ಒಂದು ಪ್ರತಿ ಕಳಿಸಿದೆ. ವಾರದೊಳಗೆ ಕಂಪನಿಯವರು ಮನಸ್ಸು ಬದಲಾಯಿಸಿದರು. ಸದ್ಯಕ್ಕೆ ಹಳೆಯದೇ ಇರಲಿ, ಜೆ ಬೇಕಾದಾಗ ನಾನೇ ತಿಳಿಸುತ್ತೇನೆ ಎಂದು ಗುಬ್ಬಿಗೆ ಹೇಳಿದ್ದೆ. ಡ್ರಾಯಿಂಗ್ ಅವರ ಫೈಲಿನಲ್ಲೇ ಉಳಿಯಿತು.

ಒಂದು ಸೋಮವಾರ ಅವರಿಗೆ ಬರೆದೆ: 'ಮುನ್ನೂರು ಬುಷ್ ಬೇಕು. ಡ್ರಾಯಿಂಗ್ ಹಿಂದೆ ಕಳಿಸಿದ್ದೇ.' ಬರೆದು ಕೊನೆಗೆ ಎರಡು ಚುಕ್ಕೆ, ಒಂದು ಬ್ರಾಕೆಟ್ಟು ಒತ್ತಿದೆ. ದುಂಡು ಮುಖ ನಗುತ್ತ ಕೂತಿತು. ಅದು ಗುಬ್ಬಿಗೆ ನಾನು ಕಳಿಸಿದ ಮೊದಲ ನಗು. ಉಳಿದವರಿಗೆ ಇಟ್ಟದ್ದೆಲ್ಲ ಮ್ಯಾನೇಜರ ಕಾಟಕ್ಕೆ. ಇವರಿಗೆ ಮಾತ್ರ ಮನಸ್ಸಿನಿಂದ ಇಟ್ಟೆ, ಯಾಕೆಂದರೆ ಇವರಿಂದ ನನಗೆ ಒಂದು ದಿನವೂ ತಲೆನೋವು ಬಂದಿರಲಿಲ್ಲ. ಎರಡು ದಿನ ಬಿಟ್ಟು ಅವರಿಂದ ಫೋನು ಬಂತು. ಆಗ ಮ್ಯಾನೇಜರು ನನ್ನ ಮೇಜಿನ ಮುಂದೆಯೇ ಕೂತಿದ್ದರು. ಏನಿದ್ದರೂ ಮೇಲ್ ಮಾಡಿ ಎಂದು ಹೇಳಿ ಇಟ್ಟುಬಿಟ್ಟೆ. ಅವರಿಂದ ಮೇಲು ಬರಲಿಲ್ಲ. ನಾನೂ ಅದನ್ನು ಮರೆತೆ.

ಹತ್ತು ದಿನಕ್ಕೆ ಡಬ್ಬ ಬಂತು. ತಪಾಸಣೆಯವರು ಶಾಸ್ತ್ರಕ್ಕೆ ನಾಲ್ಕು ತೆಗೆದು ತೂತು ಅಳೆಯುವ ಗೇಜ್ ತೂರಿಸಿದರು. ಬಿಗಿಯಾಗಿ ಹೋಗಬೇಕಾದ ಗೇಜು ಆ ಕಡೆಯಿಂದ ಈ ಕಡೆಗೆ ದೊಳದೊಳ ಎಂದು ಜಾರಿ ಮೇಜಿನ ಮೇಲೆ ಬಿತ್ತು. ಅರ್ಧ ಮಿಲಿಮೀಟರು ದೊಡ್ಡದು. ಮುನ್ನೂರಕ್ಕೆ ಮುನ್ನೂರೂ ಹಾಗೇ. ತೂತು ಸಣ್ಣದಾಗಿದ್ದರೆ ಇನ್ನಷ್ಟು ಕೊರೆಯಬಹುದು, ದೊಡ್ಡದಾದ ಮೇಲೆ ಮುಗಿಯಿತು, ಗುಜರಿಗೇ.

ನಾನು ಆಗಲೇ ಫೋನು ಎತ್ತಿಕೊಂಡೆ, ದಾಖಲೆ ಗೀಖಲೆ ಎಲ್ಲ ಮರೆತು. ಅವರು ಏನೂ ಗಾಬರಿಯಾಗದೆ, ನೀವು ಬರೆದ ಹಾಗೇ ಜೆ ಡ್ರಾಯಿಂಗ್ ಪ್ರಕಾರ ಮಾಡಿದ್ದೇನೆ ಎಂದರು. ಜೆ ಎಂದು ನಾನು ಎಲ್ಲಿ ಬರೆದೆ ಎಂದು ಕೇಳಿದೆ. ಮೇಲಿನಲ್ಲೇ ಬರೆದಿದ್ದೀರಿ ಎಂದರು. ಫೋನು ಹಿಡಿದುಕೊಂಡೇ ಕಂಪ್ಯೂಟರಿನಲ್ಲಿ ಆ ಮೇಲು ತೆಗೆದೆ. 'ಮುನ್ನೂರು ಬುಷ್ ಬೇಕು. ಡ್ರಾಯಿಂಗ್ ಹಿಂದೆ ಕಳಿಸಿದ್ದೇ.' ಪಕ್ಕದಲ್ಲಿ ಆ ದುಂಡು ಮುಖ. ಜೆಯೂ ಇಲ್ಲ, ಗೀಯೂ ಇಲ್ಲ. ಹದಿನಾಲ್ಕು ವರ್ಷ ನಂಬಿದ ಮನುಷ್ಯ ತನ್ನ ತಪ್ಪನ್ನು ನನ್ನ ತಲೆಗೆ ಕಟ್ಟುತ್ತಿದ್ದಾನೆ ಅನ್ನಿಸಿ ಫೋನಿನಲ್ಲೇ ದನಿ ಏರಿಸಿದೆ.

ಮ್ಯಾನೇಜರು ಬಂದು, ಫೋನಿನಲ್ಲಿ ಜಗಳ ಬೇಡ, ಮೇಲಿನಲ್ಲಿ ಕೇಳಿ, ಆದರೆ ಮೃದುವಾಗಿ ಕೇಳಿ ಎಂದರು. ಬರೆದೆ: 'ನಾನು ಜೆ ಎಂದು ಬರೆದಿಲ್ಲ. ಇನ್ನೊಂದು ಸಲ ಓದಿ ನೋಡಿ. ಸುಳ್ಳು ಹೇಳಬೇಡಿ.' ಮೃದುವಾಗಿರಲಿ ಎಂದು ಕೊನೆಗೆ ಅದೇ ಮುಖವನ್ನು ಇಟ್ಟೆ. ಒಬ್ಬ ಹಿರಿಯ ಮನುಷ್ಯನಿಗೆ ಸುಳ್ಳ ಎಂದು ಹೇಳಿ ಪಕ್ಕದಲ್ಲಿ ನಗು ಇಡುವುದು ಎಂಥ ಮೃದುತನ ಎಂದು ಆಗ ನನಗೆ ಹೊಳೆಯಲಿಲ್ಲ.

ಅವರ ಉತ್ತರ ಬಂತು: 'ಓದಿದೆ. ಜೆ ಅಂತಲೇ ಇದೆ. ಈಗ ಕಳಿಸಿದ ಮೇಲಿನಲ್ಲೂ ಜೆ ಅಂತಲೇ ಬರೆದಿದ್ದೀರಿ.'

ನನಗೆ ರೇಗಿಹೋಯಿತು. ಇದು ಕೊಬ್ಬಲ್ಲದೆ ಇನ್ನೇನು ಅನ್ನಿಸಿತು. ಜೆ ಎಂದು ಬರೆದಿಲ್ಲ ಎಂದು ನಾನು ಬರೆದದ್ದನ್ನೇ ಹಿಡಿದು ಅಣಕಿಸುತ್ತಿದ್ದಾರೆ ಅಂದುಕೊಂಡೆ. ಈ ಸಲ ನಗು ಗಿಗು ಇಡಲಿಲ್ಲ. 'ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ' ಎಂದಷ್ಟೇ ಬರೆದು ಕಳಿಸಿದೆ. ಸಂಜೆ ಬಸ್ಸಿಗೆ ಹೊರಡುವ ಹೊತ್ತಿಗೆ ಉತ್ತರ ಬಂತು. ಒಂದಕ್ಷರವೂ ಇಲ್ಲ. ಮುಗಿದ ಎರಡು ಕೈಗಳ ಚಿತ್ರ ಮಾತ್ರ.

ಮಾರನೆ ದಿನ ಅದನ್ನು ನೋಡಿದ ಮ್ಯಾನೇಜರ ಮುಖ ಅರಳಿತು. "ಕೈ ಮುಗಿದಿದ್ದಾರಲ್ಲ ಮೇಡಂ. ತಪ್ಪು ಒಪ್ಕೊಂಡ್ರು ಅಂತ್ಲೇ ಅರ್ಥ" ಎಂದರು. ಫೈಲಿನಲ್ಲಿ, ಲೇತ್ ಅಂಗಡಿಯವರು ತಮ್ಮ ತಪ್ಪನ್ನು ಒಪ್ಪಿಕೊಂಡಿದ್ದಾರೆ ಎಂದು ಷರಾ ಬರೆದು, ಕೆಲಸ ಕೊಡುವವರ ಪಟ್ಟಿಯಿಂದ ಗುಬ್ಬಿಯವರನ್ನು ತೆಗೆದುಹಾಕಿದರು. ಹಿರೇಹಳ್ಳಿಯಲ್ಲಿ ಒಂದು ಕಾರ್ಖಾನೆಯವರು ಇನ್ನೊಂದು ಕಾರ್ಖಾನೆಯವರನ್ನು ವಿಚಾರಿಸದೆ ಯಾರಿಗೂ ಹೊಸದಾಗಿ ಕೆಲಸ ಕೊಡುವುದಿಲ್ಲ. ಆ ಷರಾ ಇರುವವರೆಗೆ, ವಿಚಾರಿಸಿದವರಿಗೆಲ್ಲ ಸಿಗುವ ಉತ್ತರ ಒಂದೇ: ಕೆಲಸ ಕೆಡಿಸಿ, ಸುಳ್ಳು ಹೇಳಿ, ಆಮೇಲೆ ಒಪ್ಪಿಕೊಂಡ ಮನುಷ್ಯ. ಆಗಲಿ, ಹಾಗೇ ಆಗಬೇಕು ಎಂದು ನಾನೂ ಅಂದುಕೊಂಡೆ. ಆದರೆ ಆ ಕೈಗಳು ಮನಸ್ಸಿನಿಂದ ಹೋಗಲಿಲ್ಲ.

ಆ ಭಾನುವಾರ ಕುಣಿಗಲ್ಲಿಗೆ ಹೋಗಿದ್ದೆ. ಅಲ್ಲಿ ನನ್ನ ತಮ್ಮನ ಮನೆ, ಅಮ್ಮ ಅವನ ಜೊತೆ ಇದ್ದಾಳೆ. ಅವಳು ಮೊಮ್ಮಕ್ಕಳ ಹಿಂದೆ ಓಡಾಡಿಕೊಂಡು ಇಡೀ ಮನೆಗೆ ಜೋರು ಮಾಡಿಕೊಂಡು ಇರುವವಳು. ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಫೋನಿನಲ್ಲಿ ಅವರ ಆ ಉತ್ತರವನ್ನೇ ನೋಡುತ್ತಿದ್ದೆ. ಅವಳು ಬಗ್ಗಿ ನೋಡಿದಳು.

"ಯಾರ್ ಹೋದ್ರೇ?" ಎಂದಳು.

ಯಾರೂ ಸತ್ತಿಲ್ಲ ಎಂದೆ. ಹಾಗಾದರೆ ಕೈ ಯಾಕೆ ಮುಗಿದಿದ್ದಾರೆ ಎಂದು ಕೇಳಿದಳು. ಅವಳ ಲೆಕ್ಕದಲ್ಲಿ ಫೋನಿನಲ್ಲಿ ಆ ಕೈಗಳು ಬಂದವೆಂದರೆ ನೆಂಟರ ಗುಂಪಿನಲ್ಲಿ ಯಾರದೋ ಫೋಟೋ ಬಂದಿದೆ, ಕೆಳಗೆ ಎಲ್ಲರೂ ಸಾಲಾಗಿ ಕೈ ಮುಗಿದಿದ್ದಾರೆ ಎಂದು. ನಾನು ನಡೆದದ್ದನ್ನು ಹೇಳಿದೆ. ಬುಷ್ಷು, ಡ್ರಾಯಿಂಗು ಅವಳಿಗೆ ಬೇಕಿರಲಿಲ್ಲ. ನೀನು ಅವರಿಗೆ ಏನಂತ ಬರೆದೆ ಎಂದಷ್ಟೇ ಕೇಳಿದಳು. ಸುಳ್ಳು ಹೇಳಬೇಡಿ ಎಂದು ಬರೆದೆ ಎಂದೆ.

"ಸುಳ್ಳ ಅಂದ್ಮೇಲೆ ಇನ್ನೇನ್ ಮಾಡ್ತಾನೆ ಆವಯ್ಯ? ಕೈ ಮುಗ್ದು ಎದ್ದೋಗ್ತಾನೆ. ನಿಮ್ಮಪ್ಪ ಮಾಡ್ತಿರ್ಲಿಲ್ವಾ?"

ಮಾಡುತ್ತಿದ್ದರು. ನಮ್ಮಪ್ಪ ಕೂಗಾಡುವ ಮನುಷ್ಯನಲ್ಲ. ಅಮ್ಮನ ಜೊತೆ ಮಾತಿಗೆ ಮಾತು ಬೆಳೆದು, ಅವಳು ಸೇರಿಸಬಾರದ ಒಂದು ಮಾತು ಸೇರಿಸಿದಳೆಂದರೆ, ಎರಡೂ ಕೈ ಎತ್ತಿ ಮುಗಿದು, 'ನಿಂಗೊಂದ್ ದೊಡ್ಡ ನಮಸ್ಕಾರ ಕಣೇ' ಎಂದು ಟವಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗುತ್ತಿದ್ದರು. ಆಮೇಲೆ ನಾಲ್ಕು ದಿನ ಮಾತಿಲ್ಲ. ಆ ನಮಸ್ಕಾರವನ್ನು ತಪ್ಪೊಪ್ಪಿಗೆ ಎಂದು ನಮ್ಮ ಮನೆಯಲ್ಲಿ ಯಾರೂ ತಿಳಿದಿರಲಿಲ್ಲ. ನಾನು ಅದೇ ಮನೆಯಲ್ಲಿ ಬೆಳೆದವಳು, ನನಗೆ ಗೊತ್ತಿರಬೇಕಿತ್ತು. ಬರುವಾಗ ಬಸ್ಸಿನಲ್ಲಿ ಕೂತು ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೂ ಜೆ ಎಂದು ನಾನು ಬರೆದಿಲ್ಲವಲ್ಲ ಎಂಬ ಹಟ ಬಿಟ್ಟಿರಲಿಲ್ಲ.

ಮಂಗಳವಾರ ಮ್ಯಾನೇಜರು ನನ್ನನ್ನೇ ಗುಬ್ಬಿಗೆ ಕಳಿಸಿದರು. ಬುಷ್ ಅಳೆಯುವ ನಮ್ಮ ಗೇಜು, ಡ್ರಾಯಿಂಗುಗಳು ಅವರ ಹತ್ತಿರ ಇದ್ದವು. ಪಟ್ಟಿಯಿಂದ ತೆಗೆದ ಮೇಲೆ ಅವನ್ನು ವಾಪಸ್ ತರಬೇಕು. ಅಂಗಡಿಯ ಮುಂದೆ ನಿಂತಾಗ ಲೇತ್ ಓಡುತ್ತಿತ್ತು. ನನ್ನನ್ನು ನೋಡಿ ನಿಲ್ಲಿಸಿದರು, ಸ್ಟೂಲು ಒರೆಸಿ ಮುಂದಿಟ್ಟರು. ಯಾಕೆ ಬಂದೆ ಎಂದು ಕೇಳಲಿಲ್ಲ. ಗೇಜಿಗೆ ಎಣ್ಣೆ ಸವರಿ ಹತ್ತಿಬಟ್ಟೆಯಲ್ಲಿ ಸುತ್ತಿ ಆಗಲೇ ಕಟ್ಟಿಟ್ಟಿದ್ದರು. ಅದನ್ನು ಎತ್ತಿಕೊಡಲು ಅವರು ಬಗ್ಗಿದಾಗ ನನ್ನ ಕಣ್ಣು ಹಿಂದಿನ ಗೋಡೆಯ ಮೊಳೆಯ ಮೇಲೆ ಬಿತ್ತು.

ಎಲ್ಲಕ್ಕಿಂತ ಮೇಲಿದ್ದ ಹಾಳೆಯಲ್ಲಿ ನನ್ನದೇ ಮಾತು ಇತ್ತು. 'ಇನ್ನೊಂದು ಸಲ ಓದಿ ನೋಡಿ. ಸುಳ್ಳು ಹೇಳಬೇಡಿ.' ಅದರ ಮುಂದೆ ನಗುವ ಮುಖ ಇರಲಿಲ್ಲ. ಅಲ್ಲಿ ಇದ್ದದ್ದು J. ಇಂಗ್ಲಿಷಿನ ದೊಡ್ಡ ಜೆ, ಗಾಳದ ಕೊಕ್ಕೆಯ ಹಾಗೆ. ಎದ್ದು ಹೋಗಿ ಕೆಳಗಿನ ಹಾಳೆ ತಿರುವಿದೆ. 'ಡ್ರಾಯಿಂಗ್ ಹಿಂದೆ ಕಳಿಸಿದ್ದೇ.' ಪಕ್ಕದಲ್ಲಿ ಅದೇ ಜೆ. ಹಿಂದೆ ಕಳಿಸಿದ್ದೇ, ಜೆ. ಅವರಿಗೆ ನಾನು ಕೊನೆಯ ಸಲ ಕಳಿಸಿದ ಡ್ರಾಯಿಂಗ್ ಜೆಯೇ. ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಬರೆಯಬೇಕು?

ಬ್ಯಾಗಿನಿಂದ ಫೋನು ತೆಗೆದು, ನಾನೇ ಕಳಿಸಿದ ಆ ಮೇಲನ್ನು ಹುಡುಕಿ ತೆರೆದೆ. ಅದುವರೆಗೆ ನಾನು ಕಳಿಸಿದ್ದನ್ನು ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ ನೋಡಿದ್ದೆ. ನನ್ನ ಫೋನಿನಲ್ಲೂ ಜೆ ಎಂದೇ ಇತ್ತು. ಪಕ್ಕದ ಜೆರಾಕ್ಸ್ ಅಂಗಡಿಗೆ ಓಡಿ, ಅಲ್ಲಿದ್ದ ಹೆಂಗಸನ್ನು ಕೇಳಿದೆ. ಅವರು ಇದೇನು ದೊಡ್ಡ ವಿಷಯ ಎಂಬಂತೆ ಹೇಳಿದರು. ಕೆಲವು ಆಫೀಸು ಕಂಪ್ಯೂಟರುಗಳಲ್ಲಿ ನಗುಮುಖ ಹಾಕಿದರೆ ಅದು ಒಳಗಡೆ ಜೆ ಅಕ್ಷರವೇ ಆಗಿರುತ್ತದೆ, ಬೇರೆ ಅಕ್ಷರಶೈಲಿಯಲ್ಲಿ ಮುಖದ ಹಾಗೆ ಕಾಣುತ್ತದೆ ಅಷ್ಟೆ. ಅದೇ ಥರದ ಕಂಪ್ಯೂಟರಿದ್ದರೆ ನಗು, ಇಲ್ಲದಿದ್ದರೆ ಜೆ. ಬ್ಯಾಂಕಿನಿಂದ ಬರುವ ಮೇಲುಗಳಲ್ಲೂ ಹೀಗೇ ಬರುತ್ತಂತೆ. ಪ್ರಿಂಟ್ ತೆಗೆಸಲು ಬರುವವರೆಲ್ಲ ಅದನ್ನು ಏನೋ ಆಫೀಸಿನ ಗುರುತು ಅಂದುಕೊಂಡು ಸುಮ್ಮನಿದ್ದರಂತೆ.

ವಾಪಸ್ ಬಂದು ಸ್ಟೂಲಿನ ಮೇಲೆ ಕೂತೆ. ಯಜಮಾನರೇ, ತಪ್ಪು ನನ್ನದು ಎಂದು ಹೇಳಿ, ಇರುವುದನ್ನೆಲ್ಲ ಬಿಡಿಸಿ ಹೇಳಿದೆ. ನಾನು ಬರೆದದ್ದು ಜೆ ಅಲ್ಲ, ನಗು ಎಂದು ಹೇಳುವಾಗ ನನಗೇ ಅದು ಹುಚ್ಚಿನ ಹಾಗೆ ಕೇಳಿಸಿತು. ಅವರು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಜೆ ಬೇಡವೆಂದಿದ್ದು ಗೊತ್ತಿತ್ತಲ್ಲ, ಒಂದು ಮಾತು ಕೇಳಬಾರದಿತ್ತೇ ಎಂದು ನಾನು, ಮಾನಗೆಟ್ಟವಳು, ಅವರನ್ನೇ ಕೇಳಿದೆ.

"ಕೇಳಕ್ಕೇ ಫೋನ್ ಮಾಡಿದ್ದು ಕಣಮ್ಮ. ಬೇಡ ಅಂದಿದ್ ಜೆ ಈಗ ಬೇಕು ಅಂತಿದೀರಲ್ಲ, ಇದು ಜೆನೇ ತಾನೇ ಅಂತ. ಏನಿದ್ರೂ ಮೇಲ್ ಮಾಡಿ ಅಂತ ಇಟ್ಬುಟ್ರಿ. ಮೇಲಲ್ಲಿ ಏನ್ ಕೇಳ್ಲಿ? ಮೇಲಲ್ಲೇ ಬರ್ದಿತ್ತಲ್ಲ."

ಆ ಫೋನು ನೆನಪಾಯಿತು. ಮ್ಯಾನೇಜರು ಎದುರಿಗೆ ಕೂತಿದ್ದರು ಎಂಬ ಒಂದೇ ಕಾರಣಕ್ಕೆ ಅವರಿಗೆ ಬಾಯಿ ಬಿಡಲೂ ಬಿಡದೆ ಇಟ್ಟಿದ್ದೆ. ಅರ್ಧ ನಿಮಿಷದ ಮಾತು ಅದು. ಮುನ್ನೂರು ಬುಷ್ಷು, ಹದಿನಾಲ್ಕು ವರ್ಷ, ಎಲ್ಲ ಆ ಅರ್ಧ ನಿಮಿಷದಲ್ಲಿ ಉಳಿಯುತ್ತಿತ್ತು. ಕೊನೆಯಲ್ಲಿ ಅವರು ಕಳಿಸಿದ ಆ ಕೈಗಳ ಅರ್ಥವೇನು ಎಂದು ಕೇಳಿದೆ.

"ಸುಳ್ಳ ಅಂದ್ರಿ. ಇನ್ನೇನ್ ಬರೀಲಿ? ಸಾಕು ಅಂತ ಕೈ ಮುಗ್ದೆ."

ಅದನ್ನು ನಮ್ಮಲ್ಲಿ ತಪ್ಪೊಪ್ಪಿಗೆ ಎಂದು ಬರೆದುಕೊಂಡಿದ್ದಾರೆ ಎಂದು ಹೇಳದೆ ಇರಬಹುದಿತ್ತು. ಆದರೆ ಮುಚ್ಚಿಟ್ಟು ಇನ್ನೊಂದು ಪಾಪ ಕಟ್ಟಿಕೊಳ್ಳುವುದು ಬೇಡ ಎಂದು ಹೇಳಿದೆ. ಅವರು ಅದುವರೆಗೆ ಶಾಂತವಾಗಿಯೇ ಇದ್ದರು. ಈ ಮಾತಿಗೆ ಮುಖ ಕಪ್ಪಿಟ್ಟಿತು. ಹಾಳೆಯನ್ನು ಮತ್ತೆ ಮೊಳೆಗೆ ಸಿಕ್ಕಿಸುತ್ತ, ನನ್ನ ಕಡೆ ತಿರುಗದೆಯೇ ಹೇಳಿದರು.

"ಕೆಲ್ಸ ಹೋದ್ರೆ ಹೋಗ್ಲಿ ಬುಡಿ. ಮಾಡ್ದಿರೋ ತಪ್ಪು ಒಪ್ಕೊಂಡೆ ಅಂತ ಬರ್ಕೊಂಡವ್ರಲ್ಲ, ಅದನ್ ಅಳ್ಸಿ."

ಅಳಿಸುತ್ತೇನೆ, ಕಾಗದವನ್ನು ನಾನೇ ತಂದು ಕೈಗೆ ಕೊಡುತ್ತೇನೆ ಎಂದು ಮಾತು ಕೊಟ್ಟೆ. ಹೊರಡುವಾಗ ಗೇಜನ್ನೂ ಡ್ರಾಯಿಂಗುಗಳನ್ನೂ ಅವರೇ ನನ್ನ ಬ್ಯಾಗಿಗೆ ಹಾಕಿದರು.

ಅವತ್ತೇ ಕಾರ್ಖಾನೆಗೆ ಬಂದು ಮ್ಯಾನೇಜರಿಗೆ ಬರೆದೆ. ನನ್ನ ಜೀವನದಲ್ಲೇ ಅಷ್ಟುದ್ದದ ಮೇಲು ಬರೆದದ್ದಿಲ್ಲ. ಪ್ರಿಂಟಿನ ಫೋಟೋ, ನನ್ನ ಫೋನಿನ ಫೋಟೋ, ನಮ್ಮ ಕಂಪ್ಯೂಟರಿನ ಫೋಟೋ ಮೂರನ್ನೂ ಲಗತ್ತಿಸಿದೆ. ತಪ್ಪು ಗುಬ್ಬಿಯವರದಲ್ಲ, ನನ್ನದು. ಅವರು ಯಾವ ತಪ್ಪನ್ನೂ ಒಪ್ಪಿಕೊಂಡಿಲ್ಲ. ಆ ಷರಾವನ್ನು ಫೈಲಿನಿಂದ ತೆಗೆಯಬೇಕು, ತೆಗೆದಿದ್ದೇವೆಂದು ಬರೆದುಕೊಡಬೇಕು, ಪಟ್ಟಿಯಲ್ಲಿ ಅವರ ಹೆಸರು ಮತ್ತೆ ಸೇರಿಸಬೇಕು. ಒಂದು ನಗುವೂ ಇಡಲಿಲ್ಲ, ಮೊದಲಿನ ಹಾಗೆ ಪೂರ್ಣವಿರಾಮ ಇಟ್ಟೆ. ಮ್ಯಾನೇಜರು ಬೆಂಗಳೂರಿಗೆ ಮೀಟಿಂಗಿಗೆ ಹೋಗಿದ್ದರು. ಎರಡು ದಿನ ಉತ್ತರವಿಲ್ಲ. ಗುರುವಾರ ಮಧ್ಯಾಹ್ನ ಬಂತು. ಎತ್ತಿ ಹಿಡಿದ ಒಂದು ಹೆಬ್ಬೆರಳು. ಅದರ ಹಿಂದೆ ಮುಂದೆ ಏನೂ ಇಲ್ಲ.

ಏನರ್ಥ ಅದಕ್ಕೆ? ಓದಿದೆ ಅಂತಲೋ, ಸರಿ ಅಂತಲೋ, ಆಮೇಲೆ ನೋಡೋಣ ಅಂತಲೋ? ಷರಾ ತೆಗೆದರೋ ಇಲ್ಲವೋ? ಫೋನು ಮಾಡಿದರೆ ಮೀಟಿಂಗಿನಲ್ಲಿದ್ದೇನೆ ಎಂದು ಸಿದ್ಧ ಸಂದೇಶ ಬಂತು. ಫೈಲು ಅವರ ಬೀರುವಿನಲ್ಲಿ, ಬೀಗದ ಕೈ ಅವರ ಹತ್ತಿರ. ಜೊತೆಯಲ್ಲಿ ಕೆಲಸ ಮಾಡುವವರೆಲ್ಲ, ಒಪ್ಪಿಗೆ ಕೊಟ್ಟಿದ್ದಾರೆ ಬಿಡಿ ಮೇಡಂ ಎಂದರು. ಒಬ್ಬ ಮನುಷ್ಯನ ಮಾನದ ವಿಷಯಕ್ಕೆ ನಾಲ್ಕು ಅಕ್ಷರ ಬರೆಯಲು ಪುರುಸೊತ್ತಿಲ್ಲದವರು ನನಗೆ ಮೃದುವಾಗಿ ಬರೆಯುವುದನ್ನು ಕಲಿಸಲು ಬಂದಿದ್ದರು. ಆ ಸಿಟ್ಟಿನಲ್ಲೇ ನನ್ನ ಮೇಲನ್ನೂ ಅದರ ಮೇಲಿದ್ದ ಹೆಬ್ಬೆರಳನ್ನೂ ಪ್ರಿಂಟ್ ತೆಗೆದೆ. ಮಾತು ಕೊಟ್ಟಿದ್ದೆನಲ್ಲ, ಶನಿವಾರ ಗುಬ್ಬಿಗೆ ಹೋದೆ.

ಅವರು ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡರು. ನಾನು ಬರೆದದ್ದನ್ನು ಪೂರ್ತಿ ಓದಿದರು. ತಪ್ಪು ನನ್ನದು ಎಂಬ ಸಾಲಿಗೆ ಬಂದಾಗ ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಮ್ಯಾನೇಜರ ಉತ್ತರ ಎಲ್ಲಿದೆ ಎಂದು ಹುಡುಕಿದರು. ನಾನು ಬೆರಳಿಟ್ಟು ತೋರಿಸಿದೆ. ಕಪ್ಪುಬಿಳುಪು ಪ್ರಿಂಟಿನಲ್ಲಿ ಅದು ಮಸುಕಾದ ಒಂದು ಹೆಬ್ಬೆರಳು.

"ಏನಮ್ಮ, ನಿಮ್ ಸಾಹೇಬ್ರಿಗೆ ಸೈನ್ ಮಾಡಕ್ ಬರಲ್ವಾ?" ಎಂದರು. "ಹೆಬ್ಬೆಟ್ಟು ಒತ್ತವ್ರೆ."

ಗೇಲಿ ಮಾಡುತ್ತಿದ್ದಾರೋ ನಿಜವಾಗಿ ಕೇಳುತ್ತಿದ್ದಾರೋ ಎಂದು ಅವರ ಮುಖ ನೋಡಿದೆ. ಗೇಲಿಯಲ್ಲ. ಹೆಬ್ಬೆಟ್ಟು ಕಾಗದದ ಮೇಲೆ ಬರುವುದು ಓದುಬರಹ ಬಾರದವರದು ಎಂದೇ ಅವರಿಗೂ ಗೊತ್ತಿದ್ದದ್ದು, ನನಗೂ ಗೊತ್ತಿದ್ದದ್ದು. ಹಾಳೆಯನ್ನು ಮಡಚಿ ನನಗೇ ವಾಪಸ್ ಕೊಟ್ಟರು.

ಸೋಮವಾರ ಮ್ಯಾನೇಜರು ಬರುವ ಮೊದಲೇ ಅವರ ಕೋಣೆಯಲ್ಲಿ ನಿಂತಿದ್ದೆ. ಮೂರು ಸಾಲಿನ ಪತ್ರವನ್ನು ಲೆಟರ್‌ಹೆಡ್ಡಿನಲ್ಲಿ ಟೈಪು ಮಾಡಿ ತಂದಿದ್ದೆ. ಬುಷ್ಷುಗಳು ಕೆಟ್ಟದ್ದು ನಮ್ಮ ಇಮೇಲಿನ ತಪ್ಪಿನಿಂದ. ಲೇತ್ ಅಂಗಡಿಯವರು ಹೇಳಿದ್ದು ನಿಜ. ಅವರ ವಿರುದ್ಧ ಬರೆದ ಷರಾವನ್ನು ತೆಗೆದಿದ್ದೇವೆ. ಪತ್ರವನ್ನು ಮೇಜಿನ ಮೇಲಿಟ್ಟೆ, ಪಕ್ಕದಲ್ಲಿ ಪೆನ್ನಿಟ್ಟೆ. ಅವರು ನಕ್ಕು, ಮೇಲಿನಲ್ಲೇ ಓಕೆ ಹೇಳಿದ್ದೇನಲ್ಲ ಎಂದರು.

"ಅದು ಓಕೆ ಅಂತ ನಿಮಗೊಬ್ರಿಗೇ ಗೊತ್ತು ಸಾರ್. ಗುಬ್ಬೀಲಿ ಅದು ಹೆಬ್ಬೆಟ್ಟು. ಸಹಿ ಹಾಕಿ, ಸೀಲ್ ಹಾಕಿ."

ಇಷ್ಟಕ್ಕೆಲ್ಲ ಯಾಕೆ ಇಷ್ಟು ಸೀರಿಯಸ್ಸಾಗುತ್ತೀರಿ ಎಂದರು. ನಾನು ಕೂರಲೂ ಇಲ್ಲ, ಹೋಗಲೂ ಇಲ್ಲ. ಬೀರು ತೆಗೆಸಿ, ಷರಾದ ಮೇಲೆ ಗೀಟು ಎಳೆಸಿ, ಪಕ್ಕದಲ್ಲಿ ಪುಟ್ಟ ಸಹಿ ಹಾಕಿಸಿ, ಪತ್ರಕ್ಕೆ ದೊಡ್ಡ ಸಹಿ ಹಾಕಿಸಿಕೊಂಡೆ. ಪಟ್ಟಿಯಲ್ಲಿ ಹೆಸರು ಸೇರಿತು. ಅವತ್ತಿನ ಅರ್ಧ ದಿನದ ರಜೆಯ ಅರ್ಜಿಯನ್ನೂ ಅಲ್ಲೇ ಬರೆದುಕೊಟ್ಟೆ.

ಗುಬ್ಬಿಯಲ್ಲಿ ಅವರು ಆ ಪತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಸಹಿಯನ್ನು ನೋಡಿದರು, ಸೀಲನ್ನು ನೋಡಿದರು. ಹೋಗಿ ಮೊಳೆಗೆ ಸಿಕ್ಕಿಸಿದರು. ನಾನು ಕಳಿಸಿದ್ದ ಎರಡು ನಗುವೂ ಅದರ ಕೆಳಗೆ ಮುಚ್ಚಿಹೋದವು. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡು, ಬ್ಯಾಗಿನಿಂದ ಗೇಜು ತೆಗೆದು ಮೇಜಿನ ಮೇಲಿಟ್ಟೆ. ಮತ್ತೆ ಮುನ್ನೂರು ಬುಷ್ ಬೇಕು ಯಜಮಾನರೇ, ಎಚ್ ಡ್ರಾಯಿಂಗು, ಇನ್ನು ಮೇಲೆ ಫೋನಿನಲ್ಲೇ ಹೇಳುತ್ತೇನೆ ಎಂದೆ.

ಅವರು ಬಟ್ಟೆ ಸಮೇತ ಆ ಗೇಜನ್ನು ಎತ್ತಿ ಮೆಲ್ಲಗೆ ನನ್ನ ಬ್ಯಾಗಿಗೆ ವಾಪಸ್ ಇಟ್ಟರು. ಕೋಪವೇನೂ ಇರಲಿಲ್ಲ. ಆಮೇಲೆ ಎರಡೂ ಕೈ ಜೋಡಿಸಿದರು. ಎಣ್ಣೆ ಹತ್ತಿದ, ಉಗುರಿನ ಸಂದಿಯಲ್ಲಿ ಲೋಹದ ಪುಡಿ ಕೂತ ಕೈಗಳು. ಈ ಸಲ ಅದರ ಅರ್ಥವೇನು ಎಂದು ನಾನು ಕೇಳಲಿಲ್ಲ.